ಹೆಗಲು ತಟ್ಟಿಸಿಕೊಳ್ಳದವಳು

ಸೆಕಿ ಮಿನೆಯ ಮಾತು ತೆಗೆದರೆ ನಮ್ಮ ಪಟ್ಟಣದ ಗಂಡಸರು ಇವತ್ತಿಗೂ ಮೂಗು ಮುರಿಯುತ್ತಾರೆ. "ಅದು ಹೆಂಗಸಲ್ಲ ಮಾರಾಯಾ, ಮೊಳೆ," ಅನ್ನುತ್ತಾರೆ. ಎದ್ದ ಮೊಳೆಗೆ ಸುತ್ತಿಗೆ ಏಟು ತಪ್ಪಿದ್ದಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ. ಏಟು ಬಿದ್ದದ್ದೂ ನಿಜ. ಆದರೆ ಮೊಳೆ ಒಳಕ್ಕೆ ಹೋಯಿತೋ ಇಲ್ಲ ಸುತ್ತಿಗೆಯ ಹಿಡಿಯೇ ಮುರಿಯಿತೋ ಅನ್ನುವುದನ್ನು ಮಾತ್ರ ಈ ಮಹಾಶಯರು ಬಾಯಿ ಬಿಡುವುದಿಲ್ಲ. ಅವರು ಹೇಳದಿದ್ದರೆ ಬೇಡ, ನಾನು ಹೇಳುತ್ತೇನೆ.

ಮಿನೆ ನಮ್ಮ ಮಾಧ್ಯಮಿಕ ಶಾಲೆಯಲ್ಲಿ ಜಪಾನಿ ಭಾಷೆ ಕಲಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಸೆನ್ಸೇ, ಅಂದರೆ ಮೇಷ್ಟರು. ಯುದ್ಧ ಮುಗಿದ ಹೊಸದರಲ್ಲಿ, ಹೊಟ್ಟೆಗಿಲ್ಲದೆ ತೂಕಡಿಸುವ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತವಳು, ಐವತ್ತು ತುಂಬುವವರೆಗೂ ಅದನ್ನು ಕೆಳಗಿಟ್ಟಿರಲಿಲ್ಲ. ಕುಳ್ಳಿ. ದನಿ ಮಾತ್ರ ನಮ್ಮ ಎಚಿಗೋ ಸೀಮೆಯ ಹಿಮವನ್ನೂ ಸೀಳಿಕೊಂಡು ಹೋಗುವಂಥದ್ದು. ಗಂಡ ಸೆಕಿ ತೊಕುಜಿ ಪಕ್ಕದ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟರು, ಸೌಮ್ಯ ಮನುಷ್ಯ. ಎಷ್ಟು ಸೌಮ್ಯ ಅಂದರೆ ಯಾರು ಏನು ಕೇಳಿದರೂ ಇಲ್ಲ ಅನ್ನಲಾರ. ಮನೆಯಲ್ಲಿ ಅತ್ತೆ ತೋಮೆ. ಎಂಬತ್ತರ ಹತ್ತಿರದ ಮುದುಕಿ, ನಾಲಿಗೆಗೆ ಇನ್ನೂ ಹದಿನೆಂಟು. ಮಗಳು ಮದುವೆಯಾಗಿ ನಿಯಿಗಾಟಾ ನಗರ ಸೇರಿದ್ದಳು. ಹೀಗೆ ಮನೆಯಲ್ಲಿ ಉಳಿದವರು ಮೂವರು.

ಅವಳ ಪಾಠ ಕೇಳಿದವರು ಯಾರೂ ಮರೆತಿಲ್ಲ. ವ್ಯಾಕರಣ ಅಂದರೆ ನಮಗೆಲ್ಲ ಜ್ವರ ಬರುತ್ತಿತ್ತು. ಇವಳು ಅದನ್ನು ಅಡಿಗೆಮನೆಗೆ ಎಳೆದು ತರುತ್ತಿದ್ದಳು. ನಮ್ಮ ಭಾಷೆಯಲ್ಲಿ ಕ್ರಿಯಾಪದಕ್ಕೆ ಒಂದು ಚಾಳಿ: ತನ್ನ ಬಾಲ ಕಳಚಿ ಪಕ್ಕದ ನಾಮಪದಕ್ಕೆ ಅಂಟಿಕೊಂಡುಬಿಡುತ್ತದೆ. 'ಉಡು' ಅನ್ನುವುದು 'ವಸ್ತು'ವಿಗೆ ಅಂಟಿದರೆ ಕಿಮೊನೋ. ಉಡುವ ವಸ್ತು, ಅಷ್ಟೇ. ಅದರ ಹಿಂದೆ ಬೇರೆ ದೊಡ್ಡ ರಹಸ್ಯ ಏನೂ ಇಲ್ಲ. ತಿನ್ನುವ ವಸ್ತು, ಕುಡಿಯುವ ವಸ್ತು, ಎಲ್ಲ ಹಾಗೇ. ಇನ್ನು ನಾಮಪದ ಮುಂದೆ ಬಂದು ಕ್ರಿಯೆ ಹಿಂದೆ ಅಂಟಿದರೆ ಕೆಲಸದ ಹೆಸರು ಹುಟ್ಟುತ್ತದೆ: ಹಿಮ-ಇಳಿಸು, ಹಿಮ-ತುಳಿ, ಪಾತ್ರೆ-ತೊಳೆ, ಚಹಾ-ಹಂಚು.

"ಅಂಟು ಹಾಕಿದ ತಕ್ಷಣ ಒಬ್ಬರು ಕಾಣೆಯಾಗ್ತಾರೆ. ಯಾರು ಹೇಳ್ರೋ?" ಅಂತ ಮೇಜು ಕುಟ್ಟುತ್ತಿದ್ದಳು. ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು.

"ಮಾಡಿದವರು! 'ಹಿಮ-ಇಳಿಸು ಮುಗೀತು' ಅಂತೀರಲ್ಲ, ಇಳಿಸೋಕೆ ಮನೆ ಚಾವಣಿ ಹತ್ತಿದ್ದು ಯಾರು? ಇವತ್ತು ಸೊಂಟ ಹಿಡ್ಕೊಂಡು ಮಲಗಿರೋದು ಯಾರು? ಅಂಟು ಬಿಚ್ಚಿ ಬರೀರಿ. ಯಾರು, ಏನನ್ನ, ಏನು ಮಾಡಿದ್ರು."

ಮಕ್ಕಳು ಬರೆದವು. ಹೆಂಡದ ಅಂಗಡಿಯವನ ಮಗಳು ನಾತ್ಸುಯೋ ಎದ್ದು ನಿಂತು ತಲೆ ಕೆರೆದುಕೊಂಡಳು. "ಸೆನ್ಸೇ, ಏನು ಬಿಚ್ಚಿದ್ರೂ ಒಳಗಿಂದ ಅಮ್ಮನೇ ಬರ್ತಾಳೆ. ಎಲ್ಲೋ ತಪ್ಪಾಗಿದೆ ಅನ್ಸುತ್ತೆ."

"ನಿನ್ನ ಪುಸ್ತಕದಲ್ಲಿ ಏನೂ ತಪ್ಪಿಲ್ಲಮ್ಮಾ. ತಪ್ಪಿರೋದು ನಿಮ್ಮ ಮನೇಲಿ. ಹೋಗಿ ನಿಮ್ಮಪ್ಪನಿಗೆ ತೋರಿಸು."

ಆ ಹುಡುಗಿ ನಿಜವಾಗಿಯೂ ತೋರಿಸಿದಳು. ಅಪ್ಪ ಶಾಲೆಗೆ ಬಂದು ಕೂಗಾಡಿದ. ಮಿನೆ ಅವನನ್ನೂ ಬೆಂಚಿನ ಮೇಲೆ ಕೂರಿಸಿ ಎರಡು ಪದ ಬಿಚ್ಚಿಸಿ ಕಳಿಸಿದಳು. ಇಂಥವಳ ಮೇಲೆ ಮೇಲಿನವರಿಗೆ ಪ್ರೀತಿ ಉಕ್ಕುತ್ತದೆಯೇ? ನೀವೇ ಹೇಳಿ.

ನಮ್ಮ ಕಡೆ ಹೆಗಲು-ತಟ್ಟು ಅಂತ ಒಂದು ಪದ್ಧತಿ ಇತ್ತು. ಇದೂ ಅಂಥದೇ ಅಂಟುಪದ. ಯಾರೂ ಯಾರ ಹೆಗಲನ್ನೂ ಮುಟ್ಟುವುದಿಲ್ಲ. ಹೊಸ ವರ್ಷದ ಹಬ್ಬ ಮುಗಿದು ಅಕ್ಕಿಕಡುಬು ಖಾಲಿಯಾಗುವ ಹೊತ್ತಿಗೆ, ಐವತ್ತು ಮುಟ್ಟಿದ ಹೆಂಗಸು ಮೇಷ್ಟರನ್ನು, ಅದರಲ್ಲೂ ಗಂಡನೂ ಮೇಷ್ಟರಾಗಿದ್ದರೆ, ಹೆಡ್‌ಮಾಸ್ಟರು ತಮ್ಮ ಕೋಣೆಗೆ ಕರೆಯುತ್ತಿದ್ದರು. ಒಳ್ಳೆಯ ಚಹಾ. ಪಕ್ಕದಲ್ಲಿ ಕೆಂಪು ಅವರೆಯ ಸಿಹಿ. ಆ ಸಿಹಿ ಕಂಡರೆ ಸಾಕು, ನಮ್ಮ ಹೆಂಗಸರಿಗೆ ಕೈಕಾಲು ತಣ್ಣಗಾಗುತ್ತಿತ್ತು. ಗಂಡಸರಿಗೆ ಅರವತ್ತರವರೆಗೆ ಕೆಲಸ, ಹೆಂಗಸರಿಗೆ ಈ ಸಿಹಿಯವರೆಗೆ. ಕಾನೂನಿನಲ್ಲಿ ಹಾಗೇನೂ ಇರಲಿಲ್ಲ. ಎಲ್ಲರೂ ತಾವಾಗಿಯೇ ಬಿಡುತ್ತಿದ್ದರು, ನೋಡಿ.

ಹಿಂದಿನ ವರ್ಷ ಹೊಲಿಗೆ ಕಲಿಸುತ್ತಿದ್ದ ಹೊಸೋಕಾವಾ ಸೆನ್ಸೇ ಆ ಸಿಹಿ ತಿಂದಿದ್ದರು. ಬಿಟ್ಟ ಮೇಲೂ ಆಯಮ್ಮ ದಿನಾ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಕೈಚೀಲ ಹಿಡಿದು ಬೇಲಿ ಪಕ್ಕ ಹಾದುಹೋಗುತ್ತಿದ್ದರು. "ಮೀನು ತರೋಕೆ" ಅನ್ನುತ್ತಿದ್ದರು. ಮೀನಿನ ಅಂಗಡಿ ಇರುವುದು ಊರಿನ ಆ ತುದಿಯಲ್ಲಿ. ಮಿನೆ ಕಿಟಕಿಯಿಂದ ಅದನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು. ಮನೆಯಲ್ಲಿ ಅವಳು ಸೊಸೆ, ಬೀದಿಯಲ್ಲಿ ಸೆಕಿಯವರ ಹೆಂಡತಿ. ಕಪ್ಪುಹಲಗೆಯ ಮುಂದೆ ಮಾತ್ರ ಅವಳು ಅವಳೇ. ಅದನ್ನು ಬಿಟ್ಟರೆ ತಾನು ಏನಾಗುತ್ತೇನೆ ಅನ್ನುವುದು ಆ ಕೈಚೀಲದಲ್ಲಿ ಅವಳಿಗೆ ಕಾಣುತ್ತಿತ್ತು.

ಆ ಜನವರಿಯಲ್ಲಿ ಅವಳ ಸರದಿ ಬಂತು. ಹೆಡ್‌ಮಾಸ್ಟರು ಇಗಾರಾಶಿ ಬೆಣ್ಣೆಯಲ್ಲಿ ಕೂದಲು ತೆಗೆಯುವ ಮನುಷ್ಯ. ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಗುಯ್‌ಗುಟ್ಟುತ್ತಿತ್ತು.

"ಬನ್ನಿ ಸೆಕಿ ಸೆನ್ಸೇ, ಕೂತ್ಕೊಳ್ಳಿ. ಈ ಸಲ ಹಿಮ ವಿಪರೀತ ಅಲ್ವಾ?"

"ಹೌದು ಸರ್."

"ನಿಮ್ಮ ಅತ್ತೆಯವರಿಗೆ ಮಂಡಿನೋವು ಅಂತ ಕೇಳ್ಪಟ್ಟೆ."

"ಅವರ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ ಸರ್."

ಇಗಾರಾಶಿ ನಕ್ಕು ಸಿಹಿಯ ತಟ್ಟೆಯನ್ನು ಇತ್ತ ತಳ್ಳಿದರು. "ನಿಮ್ಮ ಯಜಮಾನರ ಹೆಸರು ಉಪಮುಖ್ಯೋಪಾಧ್ಯಾಯರ ಪಟ್ಟಿಗೆ ಬಂದಿದೆ. ಬಹಳ ಸಂತೋಷ. ಆದರೆ ನೋಡಿ, ಒಂದೇ ಮನೇಲಿ ಇಬ್ಬರು ಸಂಬಳ ತಗೊಂಡ್ರೆ, ಓದಿ ಖಾಲಿ ಕೂತಿರೋ ಹುಡುಗರಿಗೆ ಜಾಗ ಎಲ್ಲಿ? ಹಂಗಾಗಿ… ಈ ಮಾರ್ಚಿಗೆ ನೀವು ಬಿಡೋದು ಅಂತ ಆಗಿದೆ."

"ಆಗಿದೆ? ಯಾರು ಮಾಡಿದ್ದು ಸರ್?"

"ಯಾರೂ ಮಾಡಿದ್ದಲ್ಲ. ಆಗಿದೆ ಅಷ್ಟೇ."

"ಹಿಮ ತಾನಾಗಿ ಬೀಳುತ್ತೆ ಸರ್. ನನ್ನ ಕೆಲಸ ತಾನಾಗಿ ಬೀಳಲ್ಲ. ಯಾರಾದ್ರೂ ಕೆಡವಬೇಕು. ಅವರ ಹೆಸರು ಹೇಳಿ, ನಾನೇ ಹೋಗಿ ಮಾತಾಡ್ತೀನಿ."

ನಮ್ಮ ಭಾಷೆಯ ದೊಡ್ಡವರ ಬಾಯಲ್ಲಿ ಇದೊಂದು ಅದ್ಭುತ ಕಲೆ. ಕ್ರಿಯಾಪದದ ಬಾಲಕ್ಕೆ ಒಂದು ಪುಟ್ಟ ನಾಮಪದ ಸಿಕ್ಕಿಸಿ 'ಬಿಡೋದು' ಅಂತ ಮಾಡಿ, ಅದರ ಹಿಂದೆ 'ಆಗಿದೆ' ಅಂದುಬಿಟ್ಟರೆ ಮುಗಿಯಿತು, ಮಾಡಿದವನು ಹೊಗೆಯ ಹಾಗೆ ಮಾಯ. ಜೀವನವಿಡೀ ಈ ಗಂಟು ಬಿಚ್ಚುವುದನ್ನೇ ಕಲಿಸಿದವಳ ಮುಂದೆ ಅದನ್ನು ತಂದಿಟ್ಟರೆ ಅವಳು ಸುಮ್ಮನಿರುತ್ತಾಳೆಯೇ? ಚಹಾ ಕುಡಿದಳು, ಸಿಹಿ ಮುಟ್ಟಲಿಲ್ಲ. ಎರಡನೇ ಸಲ ಕರೆದರು, ಇಲ್ಲ ಅಂದಳು. ಮೂರನೇ ಸಲ ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು ಇಲ್ಲ ಅಂದಳು. ಇಗಾರಾಶಿ "ಅರ್ಥವಾಯ್ತು, ಅರ್ಥವಾಯ್ತು" ಅಂತ ತಲೆ ಆಡಿಸಿದರು. ಆಮೇಲೆ ಫೆಬ್ರವರಿಯೆಲ್ಲ ಸದ್ದಿಲ್ಲ. ಮಿನೆ ಗೆದ್ದೆ ಅಂದುಕೊಂಡಳು. ಪೆದ್ದಿ. ಮಗ್ಗುಲಲ್ಲಿ ಮಲಗುವವನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮಾರ್ಚ್ ಕೊನೆಯಲ್ಲಿ ಮೇಷ್ಟರ ವರ್ಗಾವಣೆಗಳೆಲ್ಲ ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಆ ದಿನ ಇಡೀ ಊರು ಪತ್ರಿಕೆ ಹರಡಿಕೊಂಡು ಕೂರುತ್ತದೆ. ಯಾವ ಮೇಷ್ಟರು ಯಾವ ಊರಿಗೆ, ನಮ್ಮ ಮಗನಿಗೆ ಹೊಡೆದವನು ಹೋದನೋ ಇಲ್ಲವೋ ಎಲ್ಲ ಅದರಲ್ಲೇ ತಿಳಿಯಬೇಕು. ಅವತ್ತು ಪತ್ರಿಕೆ ಬರುವ ಮುಂಚೆಯೇ ತೊಕುಜಿ ಏನೋ ಕೆಲಸ ಅಂತ ಹೊರಟುಹೋಗಿದ್ದ. ಮಿನೆ ಒಂದು ಕೈಯಲ್ಲಿ ಮಿಸೋ ಸಾರಿನ ಬಟ್ಟಲು ಹಿಡಿದು, ಇನ್ನೊಂದರಲ್ಲಿ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದಳು. ನಿವೃತ್ತಿಯಾದವರ ಹೆಸರಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಸೆಕಿ ಮಿನೆ ಅಂತ ಇತ್ತು.

ಎದುರಿಗೆ ಅತ್ತೆ ಉಪ್ಪಿನಲ್ಲಿ ಹಾಕಿದ ಸೊಪ್ಪು ಕಟಕಟ ಅಗಿಯುತ್ತಿದ್ದಳು. "ಸಾರು ಆರೋಗುತ್ತೆ ಕಣೇ, ಕುಡಿ."

ಮಿನೆ ಕುಡಿಯಲಿಲ್ಲ. ರಬ್ಬರ್ ಬೂಟು ಏರಿಸಿ, ಕೋಟಿನ ಗುಂಡಿ ಹಾಕದೆ, ಕರಗುವ ಹಿಮದಲ್ಲಿ ಜಾರುತ್ತಾ ಎದ್ದುಬಿದ್ದು ಶಾಲೆಗೆ ಓಡಿದಳು.

ಇಗಾರಾಶಿ ಗಾಬರಿಯಾಗಲಿಲ್ಲ. ಕಪಾಟಿನಿಂದ ಕಾಗದ ತೆಗೆದು ಮುಂದಿಟ್ಟರು. ರಾಜೀನಾಮೆ. ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಕೆಂಪು ಮುದ್ರೆ. ನಮ್ಮಲ್ಲಿ ಸಹಿ ಅಂದರೆ ಮುದ್ರೆಯೇ. ಮನೆಗೊಂದು ಮರದ ಮುದ್ರೆ, ಅದರಲ್ಲಿ ಮನೆತನದ ಹೆಸರು ಮಾತ್ರ. ಅಂಚೆಯವನು ಪಾರ್ಸೆಲ್ ತಂದರೂ ಅದೇ, ಶಾಲೆಯ ಕಾಗದಕ್ಕೂ ಅದೇ. ಮನೆಯಲ್ಲಿ ಎಲ್ಲರೂ ಸೆಕಿ, ಹಾಗಾಗಿ ಯಾರು ಒತ್ತಿದರೂ ಅದು ಸೆಕಿಯೇ. ಈ ಮುದ್ರೆಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಒಲೆಯ ಮೇಲೆ ಬೀಳಿಸಿ ಮುಕ್ಕು ಮಾಡಿದವಳು ಮಿನೆಯೇ.

"ನಿಮ್ಮ ಮನೆ ಮುದ್ರೆ ಹೌದೋ ಅಲ್ವೋ?"

"ಮನೇದು ಹೌದು. ಕೈ ನಂದಲ್ಲ."

"ಸೆನ್ಸೇ, ಪತ್ರಿಕೇಲಿ ಬಂದಾಯ್ತು. ನಿಮ್ಮ ಜಾಗಕ್ಕೆ ಬರೋ ಹುಡುಗನಿಗೆ ಆದೇಶ ಹೋಗಾಯ್ತು. ಆಗಿದ್ದು ಆಗಿಹೋಯ್ತು. ಬೀಳ್ಕೊಡುಗೆ ದಿನ ಚೆನ್ನಾಗಿ ಎರಡು ಮಾತಾಡಿ, ಮಕ್ಕಳಿಗೂ ಖುಷಿಯಾಗುತ್ತೆ."

ಅವಳ ಕೋಪ ನೆತ್ತಿಗೇರಿತ್ತು, ಆದರೆ ಕಣ್ಣಲ್ಲಿ ನೀರೂ ಬಂತು. ಆ ನೀರನ್ನು ಇವನಿಗೆ ತೋರಿಸಬಾರದು ಅಂತ ಹಿಂತಿರುಗಿ ನಡೆದಳು.

ಸಂಜೆ ತೊಕುಜಿ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗಲೇ ಅವಳು ಎದುರಿಗೆ ನಿಂತಳು. "ಏನ್ರೀ, ನೀವಾ?"

ಅವನು ಶೂ ಲಾಡಿಯನ್ನೇ ನೋಡುತ್ತಾ ಹೇಳಿದ. "ಇಗಾರಾಶಿ ಸರ್ ಕುಡಿಯೋಕೆ ಕರೆದಿದ್ರು. ಸಂದರ್ಭ ಹಂಗಿತ್ತು. ಮಾರನೇ ದಿನ ಕಾಗದ ಬಂತು… ಮುದ್ರೆ ಬಿದ್ದೋಯ್ತು."

"ಬಿದ್ದೋಯ್ತಾ? ಕೈ ಜಾರಿ? ಅದೂ ಸರಿಯಾಗಿ ನನ್ನ ಹೆಸರಿನ ಪಕ್ಕಕ್ಕೆ?"

"ನನ್ನ ಸರದಿ ಕಣೇ ಇದು. ಈ ವರ್ಷ ತಪ್ಪಿದ್ರೆ ಮುಗೀತು. ಮೇಲಿನವರು ಹೇಳಿದ ಮೇಲೆ ಏನು ಮಾಡೋಕಾಗುತ್ತೆ?"

"ನಿಮ್ಮ ಪಲ್ಲಕ್ಕಿಗೆ ನನ್ನ ಹೆಗಲೇ ಬೇಕಿತ್ತಾ?" ಅಂದಳು ಮಿನೆ. "ಕೇಳ್ರೀ ಇಲ್ಲಿ. ಯಾರು ಒತ್ತಿದ್ದು ಅಂತ ನಿಮ್ಮ ಬಾಯಲ್ಲಿ ನೆಟ್ಟಗೆ ಬರೋವರೆಗೂ ನಾನು ನಿಮ್ಮ ಜೊತೆ ಮಾತಾಡಲ್ಲ. ಸಾರು ಬೇಕಾದ್ರೆ ಬಡಿಸ್ಕೊಳ್ಳಿ."

ಒಳಗಿನ ಕೋಣೆಯಲ್ಲಿ ಅತ್ತೆ ಟೀವಿಯ ಸದ್ದು ಜೋರು ಮಾಡಿದಳು. ಸುಮೋ ನಡೆಯುತ್ತಿತ್ತು.

ಬೀಳ್ಕೊಡುಗೆ ನಡೆದದ್ದು ಶಾಲೆಯ ವ್ಯಾಯಾಮದ ಹಾಲಿನಲ್ಲಿ. ಮಕ್ಕಳು ತಣ್ಣನೆಯ ಮರದ ನೆಲದ ಮೇಲೆ ಸಾಲಾಗಿ ಕೂತಿದ್ದರು. ಹೋಗುವ ಮೇಷ್ಟರುಗಳೆಲ್ಲ ಕಪ್ಪು ಬಟ್ಟೆಯಲ್ಲಿ ವೇದಿಕೆ ಏರಿದರು. ಅಲ್ಲಿ ಆಡುವ ಮಾತೂ ಪ್ರತಿವರ್ಷ ಒಂದೇ: ಈ ಶಾಲೆಯ ನೆನಪು ಸದಾ ಇರುತ್ತದೆ, ಎಲ್ಲರೂ ಚೆನ್ನಾಗಿ ಓದಿ. ಹುಡುಗಿಯರು ಮುಸುಮುಸು ಅಳುತ್ತಾರೆ, ಒಬ್ಬಳು ಹೂಗುಚ್ಛ ಕೊಡುತ್ತಾಳೆ, ಬಾಗಿ ನಮಸ್ಕಾರ, ಮುಗಿಯಿತು. ಊರಿನ ದೊಡ್ಡವರು ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ಹೊಸೋಕಾವಾ ಸೆನ್ಸೇ ಕೂಡ ಬಾಗಿಲ ಬಳಿ ಕೈಚೀಲ ಹಿಡಿದು ನಿಂತಿದ್ದರು.

"ಮುಂದೆ, ದೀರ್ಘಕಾಲ ಸೇವೆ ಸಲ್ಲಿಸಿದ ಸೆಕಿ ಸೆನ್ಸೇ. ಈ ಸಲ ಅವರ ನಿವೃತ್ತಿ ಆಗಿದೆ," ಅಂತ ಇಗಾರಾಶಿ ಮೈಕು ಬಿಟ್ಟುಕೊಟ್ಟರು.

ಮಿನೆ ಮೈಕನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಅದು ಯಾವತ್ತೂ ಬೇಕಿರಲಿಲ್ಲ.

"ಎರಡನೇ ವರ್ಷದವರೇ, ಹೆಡ್‌ಮಾಸ್ಟರು ಹೇಳಿದ್ದು ಕೇಳಿಸ್ತಲ್ಲ? ಬಿಚ್ಚಿ ನೋಡೋಣ."

ಸಾಲುಗಳ ಮಧ್ಯದಿಂದ ನಾತ್ಸುಯೋಳ ದನಿ ಬಂತು. "ಯಾರು ಬಿಟ್ರು, ಸೆನ್ಸೇ?"

"ಯಾರೂ ಬಿಟ್ಟಿಲ್ಲ. ನಾನು ರಾಜೀನಾಮೆ ಬರೆದಿಲ್ಲ. ನಾನು ಮುದ್ರೆ ಒತ್ತಿಲ್ಲ. ಹೆಂಗಸರು ತಾವಾಗಿ ಬಿಡ್ತಾರೆ ಅಂತ ನಿಮಗೆ ಹೇಳ್ತಾರೆ, ಅದು ಸುಳ್ಳು. ಬಿಡಿಸ್ತಾರೆ. ನನ್ನನ್ನೂ ಬಿಡಿಸೋಕೆ ನೋಡ್ತಿದಾರೆ. ನಾನು ಬಿಡಲ್ಲ. ಏಪ್ರಿಲ್‌ನಲ್ಲಿ ಪಾಠ ಮಾಡ್ತೀನಿ. ಎಲ್ಲಿ ಅನ್ನೋದು ಗೊತ್ತಿಲ್ಲ, ಆದರೆ ಮಾಡ್ತೀನಿ." ಹೂಗುಚ್ಛ ಹಿಡಿದು ಮೆಟ್ಟಿಲಲ್ಲಿ ಬೆಪ್ಪಾಗಿ ನಿಂತಿದ್ದ ಹುಡುಗಿಯ ಕಡೆ ತಿರುಗಿದಳು. "ಅದನ್ನ ಹೋಗೋರಿಗೆ ಕೊಡಮ್ಮ. ನಾನು ಹೋಗ್ತಿಲ್ಲ."

ಅಯ್ಯೋ, ಆಗಿನ ಗಲಾಟೆ! ಕವಾಯತಿನ ಮೇಷ್ಟರಿಗೆ ಕೆಮ್ಮು ಹತ್ತಿತು. ಊರಿನ ದೊಡ್ಡವರು ಚಾವಣಿ ನೋಡತೊಡಗಿದರು. ಇಗಾರಾಶಿ ಸಂಗೀತದ ಮೇಷ್ಟರಿಗೆ ಕೈಸನ್ನೆ ಮಾಡಿದ್ದೇ ಮಾಡಿದ್ದು. ಪಿಯಾನೋ ಶುರುವಾಯಿತು, ಇಡೀ ಶಾಲೆ ಎದ್ದು ಶಾಲಾಗೀತೆ ಹಾಡಿತು. ವೇದಿಕೆಯ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ಮಿನೆ. ಹಾಡು ಮುಗಿಯುವಾಗ ಬಾಗಿಲ ಬಳಿ ಹೊಸೋಕಾವಾ ಸೆನ್ಸೇ ಕೈಚೀಲವನ್ನು ನೆಲಕ್ಕಿಟ್ಟು ಚಪ್ಪಾಳೆ ತಟ್ಟುತ್ತಿದ್ದರು, ಒಬ್ಬರೇ.

ಮಾರನೇ ದಿನ ಬೆಳಿಗ್ಗೆ ಶಿಕ್ಷಣ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಕೂದಲಿಗೆ ಎಣ್ಣೆ ಬಳಿದು ಹಿಂದಕ್ಕೆ ಬಾಚಿದವನು, ವಯಸ್ಸಿನಲ್ಲಿ ಮಿನೆಗಿಂತ ಚಿಕ್ಕವನು. ಹೆಡ್‌ಮಾಸ್ಟರ ಕೋಣೆಯಲ್ಲಿ, ಇಗಾರಾಶಿಯ ಎದುರಿಗೇ, ಅವಳನ್ನು ಕೂರಿಸಿ ಕಾಗದವನ್ನು ಮೇಜಿನ ಮೇಲೆ ನೀಟಾಗಿ ಇಟ್ಟ.

"ಸೆಕಿ ಸೆನ್ಸೇ, ನೀವು ಒತ್ತಿಲ್ಲ ಅಂತೀರಿ. ನಂಬೋಣ. ಹಾಗಾದ್ರೆ ನಿಮ್ಮ ಮನೆ ಮುದ್ರೆ ಒತ್ತಿದ್ದು ಯಾರು?"

ಮಿನೆ ಕಾಗದದ ಮೇಲಿನ ಮುಕ್ಕಾದ ಮುದ್ರೆಯನ್ನೇ ನೋಡಿದಳು.

"ಬೇರೆಯವರ ಹೆಸರಲ್ಲಿ ಮುದ್ರೆ ಒತ್ತೋದು ಅಪರಾಧ. ಅವರು ಸರ್ಕಾರಿ ಕೆಲಸದಲ್ಲಿದ್ರೆ ಕೆಲಸ ಹೋಗುತ್ತೆ. ಹೆಸರು ಹೇಳಿ, ಈಗಲೇ ವಿಚಾರಣೆ ಮಾಡ್ತೀನಿ. ಹೇಳಲ್ಲ ಅಂದ್ರೆ, ನೀವೇ ಒತ್ತಿ ಆಮೇಲೆ ಮನಸ್ಸು ಬದಲಾಯಿಸಿದ್ದೀರಿ ಅಂತ ತಿಳ್ಕೋಬೇಕಾಗುತ್ತೆ."

ಎಂಥ ಇಕ್ಕಳ ನೋಡಿ! ಹೆಸರು ಹೇಳಿದರೆ ಗಂಡ ಬೀದಿಗೆ ಬೀಳುತ್ತಾನೆ, ಬಾಯಿ ಮುಚ್ಚಿದರೆ ಇವಳೇ ಬೀಳುತ್ತಾಳೆ. ಯಾವ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ ಅಂತ ಅವರಿಬ್ಬರಿಗೂ ಗೊತ್ತಿತ್ತು. ತೊಕುಜಿಯ ಮೇಲೆ ಮಿನೆಗೆ ಕೆಂಡದಂಥ ಕೋಪ. ಒಂದು ಕ್ಷಣ ಹೆಸರು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಅವಳ ಕಣ್ಣು ಇಗಾರಾಶಿಯ ಮೇಲೆ ಬಿತ್ತು. ಆತ ಆರಾಮಾಗಿ ಚಹಾ ಊದಿಕೊಂಡು ಕುಡಿಯುತ್ತಿದ್ದರು.

"ಒತ್ತಿದ ಮಾತು ಆಮೇಲೆ," ಅಂದಳು. "ಈ ಕಾಗದಕ್ಕೆ ಕಾಲಿಲ್ಲ. ನಮ್ಮ ಮನೆಯಿಂದ ಈ ಕೋಣೆಗೆ ನಡೆದು ಬಂದಿಲ್ಲ. ನಾನು ಕೊಟ್ಟಿಲ್ಲ. ತಗೊಂಡಿದ್ದು ಯಾರು ಅಂತ ಮೊದಲು ಬರ್ಕೊಳ್ಳಿ. ಹೆಡ್‌ಮಾಸ್ಟರ್ ಸರ್, ಮೂರು ಸಲ ಇಲ್ಲ ಅಂದವಳ ರಾಜೀನಾಮೆ ನಿಮಗೆ ಸಿಕ್ತು. ಯಾರ ಕೈಯಿಂದ ತಗೊಂಡ್ರಿ? ಎಲ್ಲಿ ಕೂತು ತಗೊಂಡ್ರಿ? ತಗೊಂಡ ಮೇಲೆ ದಿನಾ ಸ್ಟಾಫ್ ರೂಮಲ್ಲಿ ನನ್ನ ಮುಖ ನೋಡ್ತಿದ್ರಲ್ಲ, ಇದು ನೀವೇ ಬರೆದಿದ್ದಾ ಅಂತ ಒಂದು ಸಲನೂ ಯಾಕೆ ಕೇಳ್ಲಿಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಗಾರಾಶಿಯ ಬಟ್ಟಲಿನ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. "ಅದು… ಅದು ಆ ರೀತಿ ತಲುಪಿಸಲ್ಪಟ್ಟಿತ್ತು…"

"ತಲುಪಿಸಿದ್ದು ಯಾರು ಸರ್? ಹೇಳಿ, ಸಾಹೇಬರು ಬರ್ಕೋತಾರೆ. ನಾನಂತೂ ಪತ್ರಿಕೆಯವರಿಗೂ ಇದನ್ನೇ ಹೇಳೋಳು. ನನ್ನ ಹೆಸರನ್ನ ಅವರು ಅಷ್ಟು ಚೆನ್ನಾಗಿ ಅಚ್ಚು ಹಾಕಿದಾರೆ, ಇನ್ನೊಂದು ಸಲ ಹಾಕೋಕೆ ಕಷ್ಟವೇನಿಲ್ಲ."

ಅಧಿಕಾರಿ ಇಗಾರಾಶಿಯ ಕಡೆ ನೋಡಿದ. ಇಗಾರಾಶಿ ಪ್ಯಾಂಟು ಒರೆಸಿಕೊಂಡರು. ವಿಚಾರಣೆ ಅಂತ ಶುರುವಾದರೆ ಮೊದಲು ಯಾರು ಮುಳುಗುತ್ತಾರೆ ಅನ್ನುವುದು ಎಣ್ಣೆತಲೆಯವನಿಗೆ ಆಗ ಹೊಳೆದಿರಬೇಕು. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಕಾಗದವನ್ನು ಮಡಿಚಿ ಜೇಬಿಗೆ ಸೇರಿಸಿದ.

"ಸರಿ. ಇದು ಆಗೇ ಇಲ್ಲ ಅಂತ ಮಾಡೋಣ."

"ಆಗಿದೆ," ಅಂದಳು ಮಿನೆ.

"ಏನಂದ್ರಿ?"

"ಆಗೇ ಇಲ್ಲ ಅಂತ ನಾನು ಒಪ್ಪಲ್ಲ. ನೀವು ತೆಗೆಯೋಕೆ ಬಂದ್ರಿ, ನಾನು ಹೋಗಲಿಲ್ಲ. ಅದು ಆಗಿದೆ. ಮುಂದಿನ ಜನವರೀಲಿ ಯಾರನ್ನಾದ್ರೂ ಚಹಾಕ್ಕೆ ಕರೆದಾಗ ಅವರಿಗೂ ಹೇಳ್ತೀನಿ."

ಅವನು ಮುಖ ಸಿಂಡರಿಸಿದ. ಸೋತವನಿಗೆ ಕೊನೆಯದೊಂದು ಒದೆ ಒದೆಯಬೇಕು ಅನ್ನಿಸುತ್ತದಲ್ಲ. "ಕೆಲಸ ಇರುತ್ತೆ. ಆದರೆ ಈ ಶಾಲೇಲಿ ಜಾಗ ತುಂಬಿದೆ. ನೀವು ಗುಡ್ಡದ ಮೇಲಿನ ಶಾಖೆಗೆ ಹೋಗಬೇಕು. ಬಸ್ಸಿನಲ್ಲಿ ಹೋಗಿ, ಆಮೇಲೆ ನಡೀಬೇಕು. ಚಳಿಗಾಲದಲ್ಲಿ ಬಸ್ಸೂ ಇರಲ್ಲ. ಮಕ್ಕಳು ಕೈಬೆರಳೆಣಿಕೆ."

"ಕಪ್ಪುಹಲಗೆ ಇದೆಯಾ?"

"ಇದೆ."

"ಹಾಗಾದ್ರೆ ಅದು ಶಾಲೆಯೇ. ಹೋಗ್ತೀನಿ."

ಕೋಣೆಯಿಂದ ಹೊರಗೆ ಬಂದ ಮೇಲೆ ಮಾತ್ರ ಅವಳು ಶೂಗಳ ಕಪಾಟು ಹಿಡಿದುಕೊಂಡು ನಿಂತು, ಯಾರೂ ಇಲ್ಲ ಅಂತ ನೋಡಿಕೊಂಡು ಅತ್ತಳು. ಐವತ್ತರ ಹೆಂಗಸು, ಹೈಸ್ಕೂಲು ಪರೀಕ್ಷೆ ಪಾಸಾದ ಹುಡುಗಿಯ ಹಾಗೆ. ಇದನ್ನು ಅವಳು ಯಾವತ್ತೂ ಬಚ್ಚಿಡಲಿಲ್ಲ. "ಹೆದರಿದ್ದೆ ಕಣೇ, ಹೆದರದೇ ಏನು?" ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ತಿಂಗಳ ಕೊನೆಯ ದಿನ ಸಂಜೆ ಬೆಳಕಿರುವಾಗಲೇ ತೊಕುಜಿ ಮನೆಗೆ ಬಂದ. ಮುಖ ಬಾಡಿದ ಮೂಲಂಗಿ. ಉಪಮುಖ್ಯೋಪಾಧ್ಯಾಯನ ಕುರ್ಚಿ ಕೈತಪ್ಪಿತ್ತು. 'ಈ ಸಲ ಬೇಡ ಅಂತ ಆಗಿದೆ' ಅಂತ ಅವನ ಹೆಡ್‌ಮಾಸ್ಟರು ಚಹಾ ಕೊಟ್ಟು ಹೇಳಿದ್ದರಂತೆ. ಮಿನೆ ಅಡಿಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದಳು. ಪತ್ರಿಕೆ ಬಂದ ದಿನದಿಂದ ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಅವಳು ತಿರುಗಲಿಲ್ಲ.

"ನನ್ನ ಹೆಸರು ನೀನು ಹೇಳಲಿಲ್ಲವಂತೆ," ಅಂದ.

ಕತ್ತಿ ಹಲಗೆಯ ಮೇಲೆ ಟಕಟಕ ಆಡುತ್ತಲೇ ಇತ್ತು.

"ನಾನು ಒತ್ತಿದೆ, ಮಿನೆ. ನನ್ನ ಕೈಯಾರೆ ಒತ್ತಿದೆ. ನನಗೆ ಆ ಕುರ್ಚಿ ಬೇಕಿತ್ತು."

ಕತ್ತಿ ನಿಂತಿತು. ಮಿನೆ ಕೈ ಒರೆಸಿಕೊಂಡು ಅವನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಆದರೆ ದನಿ ಸಡಿಲವಾಗಿರಲಿಲ್ಲ. "ಸರಿ. ಇದೇ ಮಾತನ್ನ ನಿಮ್ಮಮ್ಮನ ಮುಂದೆ ಹೇಳಿ. ಸೊಸೆ ಮನೆ ಮಾನ ಕಳೆದಳು ಅಂತ ಬೀದಿಯೆಲ್ಲ ಸಾರ್ಕೊಂಡು ಬರ್ತಿದಾರೆ. ಬನ್ನಿ."

ಅವನ ತೋಳು ಹಿಡಿದು ಎಳೆದುಕೊಂಡೇ ಹೋಗಿ ಒಳಕೋಣೆಯ ಬಾಗಿಲು ಸರಿಸಿದಳು. ಮುದುಕಿ ಕಾಲಿಗೆ ರಜಾಯಿ ಹೊದ್ದು ಕಿತ್ತಳೆ ಸುಲಿಯುತ್ತಿದ್ದಳು.

"ಅಮ್ಮಾ," ಅಂದ ತೊಕುಜಿ, ಸ್ಕೂಲು ಹುಡುಗನ ಹಾಗೆ. "ಆ ಕಾಗದಕ್ಕೆ ಮುದ್ರೆ… ನಾನು ಒತ್ತಿದ್ದು."

ತೋಮೆ ಒಂದು ತೊಳೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಬೀಜ ಉಗಿದಳು.

"ಅದೇನು ದೊಡ್ಡ ವಿಷ್ಯ ಅಂತ ಹೇಳೋಕೆ ಬಂದೆ? ಮುದ್ರೆ ಎಲ್ಲಿರುತ್ತೆ ಅಂತ ನಿಂಗೇನೋ ಗೊತ್ತು, ಹುಟ್ಟಿದಾಗಿಂದ ಒಂದು ದಿನ ಅಡಿಗೆಮನೆ ಡ್ರಾಯರ್ ತೆಗೆದಿದೀಯಾ? ತೆಗೆದುಕೊಟ್ಟಿದ್ದು ನಾನು. ಹಿಂದೆಮುಂದೆ ನೋಡ್ತಾ ಕೂತಿದ್ದವನಿಗೆ ಒತ್ತೋ ಅಂದಿದ್ದೂ ನಾನು. ಇವಳು ಮನೇಲಿರಬೇಕು ಅಂತ ನಂಗೆ ಆಸೆಯಿತ್ತು. ಮಾಡಿದೆ. ಏನೀಗ?"

ಮಿನೆ ಅತ್ತೆಯನ್ನೇ ದಿಟ್ಟಿಸಿದಳು. ಹೆಡ್‌ಮಾಸ್ಟರ ಬಾಯಿಂದ, ಅಧಿಕಾರಿಯ ಬಾಯಿಂದ ಕೊನೆಗೂ ಹೊರಡದ ಮಾತು. ಗಂಡನ ಬಾಯಿಂದ ಹೊರಡಿಸಲು ಎಷ್ಟು ದಿನ ಮೌನವ್ರತ ಹಿಡಿದಿದ್ದಳು! ಈ ಮುದುಕಿ ಅದನ್ನು ಕಿತ್ತಳೆ ಬೀಜದ ಹಾಗೆ ಉಗಿದುಬಿಟ್ಟಿತ್ತು. ಅವಳಿಗೆ ನಗು ಬಂತು. ತಡೆಯಲಿಲ್ಲ, ನಕ್ಕಳು. ಆಮೇಲೆ ಅತ್ತೆಯ ಎದುರಿಗೆ ಮಂಡಿಯೂರಿ ಕೂತಳು.

"ಸಂತೋಷ ಅತ್ತೆ. ಯಾರು ಏನು ಮಾಡಿದ್ರು ಅಂತ ಈಗ ಸರಿಯಾಗಿ ತಿಳೀತು. ಇನ್ನು ಯಾರು ಏನು ಮಾಡ್ತಾರೆ ಅನ್ನೋದನ್ನ ನಾನು ಹೇಳ್ತೀನಿ, ಕೇಳಿ. ನಾಳೆಯಿಂದ ನಂಗೆ ಬೆಳಗಿನ ಮೊದಲ ಬಸ್ಸು. ಎದ್ದು ಅನ್ನ ಬೇಯಿಸೋದು ನೀವು. ಡಬ್ಬಿ ಕಟ್ಟೋದು ನಿಮ್ಮ ಮಗ. ಬಸ್ಸು ಹತ್ತೋದು ನಾನು."